ಮೆಕ್ಯಾನಿಕ್ ರಜೆಯಲ್ಲಿದ್ದಾರೆ

ಲಿಫ್ಟ್ ಮೆಕ್ಯಾನಿಕ್ ಹೆಂಡತಿಯೊಡನೆ ರಜೆಗೆ ಹೊರಟದ್ದು ಇದು ನಾಲ್ಕನೆಯ ಸಲ. ಹೊರಟದ್ದು ಎಂದರೆ ಹೊರಟದ್ದು ಅಷ್ಟೇ. ರಜೆ ಪೂರ್ತಿ ಮುಗಿಸಿಕೊಂಡು ಬಂದದ್ದು ಒಂದು ಸಲವೂ ಇಲ್ಲ. ಮೊದಲನೆಯ ಸಲ ಬಸ್ ನಿಲ್ದಾಣದಿಂದಲೇ ವಾಪಸಾಗಿದ್ದ, ಯಾಕೆಂದರೆ ಯಾವುದೋ ಕಚೇರಿಯ ಲಿಫ್ಟು ಮೂರು ಜನ ಗುಮಾಸ್ತರನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಂತುಬಿಟ್ಟಿತ್ತು. ಎರಡನೆಯ ಸಲ ಕೆರೆಯ ದಡದ ಹೋಟೆಲಿನಲ್ಲಿ ಒಂದು ದಿನ ಕಳೆದು, ಮರುದಿನ ಹೆಂಡತಿ ಹಲ್ಲುಜ್ಜಿ ಬರುವಷ್ಟರಲ್ಲಿ ಚೀಟಿ ಬರೆದಿಟ್ಟು ಕಾಲು ಕಿತ್ತಿದ್ದ. ಮೂರನೆಯ ಸಲದ ಕತೆಯನ್ನು ಅವಳು ಯಾರಿಗೂ ಹೇಳುವುದಿಲ್ಲ. ಕೇಳಿದವರಿಗೆ ನಗು ಬರುತ್ತದೆ, ಹೇಳುವಾಗ ಅವಳಿಗೆ ಅಳು ಬರುತ್ತದೆ.

ಈ ಸಲ ಅವಳು ಜಗಳ ತೆಗೆಯಲಿಲ್ಲ. ಅವನಿಗೆ ಹೆದರಿಕೆಯಾದದ್ದೇ ಅದಕ್ಕೆ. ಸೂಟ್‌ಕೇಸಿಗೆ ಬಟ್ಟೆ ಮಡಿಸಿಡುತ್ತ, ನಾಳೆ ಹಾಲು ಬರುವುದಿಲ್ಲ ಎಂದು ತಿಳಿಸುವ ಧಾಟಿಯಲ್ಲಿ ಹೇಳಿದಳು:

"ಈ ಸಲವೂ ಅರ್ಧಕ್ಕೆ ಬಿಟ್ಟು ಓಡಿದ್ರೆ, ಇನ್ಮುಂದೆ ಅಮ್ಮ ನಾನು ನಮ್ಮ ಪಾಡಿಗೆ ಹೋಗಿ ಬರ್ತೀವಿ. ನಿಮ್ಮನ್ನ ಕರೆಯಲ್ಲ. ಕೋಪಕ್ಕೆ ಹೇಳ್ತಿಲ್ಲ ರೀ, ಸಾಕಾಗಿದೆ."

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳ ಕೋಪ ಅವನಿಗೆ ರೂಢಿಯಾಗಿತ್ತು. ಸಾಕಾಗಿದೆ ಎಂಬುದು ಹೊಸ ಮಾತು. ಅವನು ಒಂದು ಲೋಟ ನೀರು ಕುಡಿದು, ಕೆಲಸವನ್ನೆಲ್ಲ ಜೊತೆಗಾರನಿಗೆ ವಹಿಸಿಕೊಟ್ಟಾಗಿದೆ, ಇನ್ನು ಐದು ದಿನ ನನಗೂ ಲಿಫ್ಟಿಗೂ ಸಂಬಂಧವೇ ಇಲ್ಲ ಎಂದ.

ಹಸಿ ಸುಳ್ಳು.

ಅವನ ಕಂಪನಿಗೆ ಸುತ್ತಲಿನ ಐದು ಊರುಗಳಲ್ಲಿ ತೊಂಬತ್ತೆರಡು ಲಿಫ್ಟುಗಳಿದ್ದವು. ಪ್ರತಿಯೊಂದರಲ್ಲೂ ಒಂದು ಕೆಂಪು ತುರ್ತು ಗುಂಡಿ. ಒಳಗೆ ಸಿಕ್ಕಿಕೊಂಡವರು ಅದನ್ನು ಒತ್ತಿದರೆ ಕರೆ ನೇರವಾಗಿ ಡ್ಯೂಟಿಯ ಮೇಲಿರುವ ಮೆಕ್ಯಾನಿಕ್‌ನ ಫೋನಿಗೆ ಬರುತ್ತಿತ್ತು. ಮೆಕ್ಯಾನಿಕ್‌ಗಳು ಇಬ್ಬರೇ. ಒಬ್ಬ ರಜೆ ಹಾಕಿದರೆ ತನ್ನ ಫೋನಿನಲ್ಲಿ ನಾಲ್ಕು ಅಂಕಿ ಒತ್ತಿ ಕರೆಗಳನ್ನೆಲ್ಲ ಇನ್ನೊಬ್ಬನಿಗೆ ತಿರುಗಿಸಬೇಕು. ನಾಲ್ಕೇ ಅಂಕಿ. ಆದರೆ ಆ ಇನ್ನೊಬ್ಬ ನಿಧಾನಪ್ಪ.

ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಿಚ್ಚಿದ ಸ್ಕ್ರೂಗಳನ್ನು ಕರವಸ್ತ್ರದ ಮೇಲೆ ಸಾಲಾಗಿ ಜೋಡಿಸಿ, ಒಂದೊಂದನ್ನೂ ಒರೆಸಿ, ಒರೆಸಿದ್ದನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕೆಲಸ ಶುರು ಮಾಡುವವನಿಗೆ ಜನ ಇಟ್ಟ ಹೆಸರು. ಇಂಥವನ ಕೈಗೆ ತೊಂಬತ್ತೆರಡು ಲಿಫ್ಟು ಒಪ್ಪಿಸಿ ಮರಳಿನ ಮೇಲೆ ಮಲಗುವುದೇ? ನಮ್ಮ ಮೆಕ್ಯಾನಿಕ್‌ಗೆ ಕೈ ಬರಲಿಲ್ಲ. ಕರೆಗಳು ತನಗೇ ಬರಲಿ, ಬಾತ್‌ರೂಮಿಗೆ ಹೋಗಿ ಪಿಸುಮಾತಿನಲ್ಲಿ ನಿಭಾಯಿಸಿದರಾಯಿತು ಎಂದು ಲೆಕ್ಕ ಹಾಕಿದ.

ಈ ಲೆಕ್ಕ ಹೆಂಡತಿ, ಅತ್ತೆಯೊಡನೆ ಬಸ್ಸು ಹತ್ತುವವರೆಗೆ ಚೆನ್ನಾಗಿಯೇ ಇತ್ತು. ಸೀಟಿನಲ್ಲಿ ಕೂತ ಮೇಲೆ ಹೆಂಡತಿ ಅಂಗೈ ಚಾಚಿ, ಫೋನು ಕೊಡಿ ಎಂದಳು. ಕೆಲಸ ವಹಿಸಿಕೊಟ್ಟು ಬಂದವನಿಗೆ ಫೋನು ಯಾಕೆ? ಕೊಡದೆ ವಿಧಿಯಿರಲಿಲ್ಲ. ಅದು ಅವಳ ಕೈಚೀಲದ ಒಳಗೆ ಹೋಯಿತು, ಸರ್‍ರೆಂದು ಜಿಪ್ಪು ಮುಚ್ಚಿಕೊಂಡಿತು. ಕಿಟಕಿಯ ಪಕ್ಕ ಮೊಣಕಾಲುಗಳ ನಡುವೆ ಕೊಡೆ ನಿಲ್ಲಿಸಿಕೊಂಡು ಕೂತಿದ್ದ ಅತ್ತೆ, ಅಳಿಯಂದಿರ ಮುಖ ಯಾಕೋ ಸಪ್ಪಗಿದೆ, ಬಸ್ಸಿನ ವಾಸನೆ ಆಗುವುದಿಲ್ಲವೋ ಏನೋ ಎಂದು ನಿಂಬೆಹುಳಿ ಪೆಪ್ಪರಮೆಂಟು ಕೊಟ್ಟರು. ಅತ್ತೆಗೆ ಎಪ್ಪತ್ತೊಂದು. ಮಂಡಿ ಸವೆದಿದೆ, ನಾಲಿಗೆ ಸವೆದಿಲ್ಲ.

ಸಮುದ್ರದ ಊರಿನ ಹೋಟೆಲಿಗೆ ಆರು ಮಹಡಿ, ಇವರ ಕೋಣೆ ಆರನೆಯದರಲ್ಲಿ. ಕಿಟಕಿ ತೆಗೆದರೆ ಮುಕ್ಕಾಲು ಪಾಲು ಕಾರು ನಿಲ್ಲಿಸುವ ಜಾಗ, ಮೂಲೆಯಲ್ಲಿ ಕರವಸ್ತ್ರದಷ್ಟು ಸಮುದ್ರ. ಅತ್ತೆ ಆ ಮೂಲೆಗೆ ಕುರ್ಚಿ ಎಳೆದುಕೊಂಡು, ಈ ಸಮುದ್ರ ನನ್ನದು ಎಂದುಬಿಟ್ಟರು. ಕೆಳಗೆ, ಬಂದವರ ಹೆಸರು ಬರೆದುಕೊಳ್ಳುವ ಮೇಜಿನ ಎದುರು ಲಿಫ್ಟು. ಹಳೆಯ ಮಾದರಿ, ಒಳಗೆ ಮಡಚುವ ಪಟ್ಟಿಬಾಗಿಲು. ನೆತ್ತಿಯ ಹಿತ್ತಾಳೆ ಫಲಕದ ಮೇಲೆ ಅವನ ಕಂಪನಿಯದೇ ಹೆಸರು, ತೊಂಬತ್ತೆರಡರಲ್ಲಿ ಇದೂ ಒಂದು. ಪರವೂರಿನಲ್ಲಿ ಸ್ವಂತ ತಮ್ಮ ಎದುರಾದಷ್ಟು ಸಂತೋಷವಾಗಿ ಅವನಿಗೆ ಅದರ ಬೆನ್ನು ಸವರಬೇಕೆನಿಸಿತು. ಹೆಂಡತಿ ನೋಡುತ್ತಿದ್ದಳು. ಅವನು ಕೈಯನ್ನು ಜೇಬಿಗೆ ತುರುಕಿ, ಐದು ದಿನ ಲಿಫ್ಟಿನೊಳಗೆ ಕಾಲೂ ಇಡುವುದಿಲ್ಲ ಎಂದು ಸಾರಿ, ನೂರಾ ಹನ್ನೆರಡು ಮೆಟ್ಟಿಲು ಹತ್ತಿದ. ಕೊನೆಯ ಇಪ್ಪತ್ತನ್ನು ಕೈಕಾಲು ನಾಲ್ಕನ್ನೂ ಊರಿ ಹತ್ತಿದ ಎಂಬುದು ಅತ್ತೆಯ ವರದಿ.

ಮೊದಲ ದಿನ ಅವನ ಬಾಯಿ ಊಟ ಮಾಡಿತು, ಕಿವಿ ಮಾತ್ರ ಕೈಚೀಲದೊಳಗಿತ್ತು. ಮಾಮೂಲಿ ದಿನವಾದರೆ ಐದಾರು ಕರೆ ಬರಬೇಕು. ಒಂದೂ ಬರಲಿಲ್ಲ. ಬ್ಯಾಟರಿ ಸತ್ತಿದೆಯೇ ಎಂಬ ಅನುಮಾನ ಹುಟ್ಟಿ, ಅಕಸ್ಮಾತ್ ಪಕ್ಕದ ಮನೆಯವರು ಫೋನು ಮಾಡಿದರೆ ಚಾರ್ಜು ಇರಬೇಕಲ್ಲ ಎಂದು ಸುತ್ತಿ ಬಳಸಿ ವಿಚಾರಿಸಿದ. ತುಂಬ ಇದೆ ಎಂದಳು. ಅಷ್ಟರಲ್ಲಿ ಗೋಡೆಯಾಚೆ ಲಿಫ್ಟು ಇಳಿಯಿತು. ಮೂರನೇ ಮಹಡಿ ಹತ್ತಿರ ಟಕ್ ಅನ್ನುತ್ತೆ ಎಂದು ಅವನ ಬಾಯಿಂದ ತಾನಾಗಿಯೇ ಬಂತು. ಏನಂದಿರಿ ಎಂದಳು ಹೆಂಡತಿ. ಸಾರಿಗೆ ಉಪ್ಪು ಕಡಿಮೆ ಎಂದೆ ಅಂದ. ಅವನ ತಟ್ಟೆಯಲ್ಲಿದ್ದದ್ದು ಹಣ್ಣಿನ ಹೋಳು.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವನಿಗೆ ಒಂದು ಸತ್ಯ ಹೊಳೆಯಿತು. ಫೋನು ಯಾಕೆ ಬರುತ್ತಿಲ್ಲವೆಂದರೆ ಯಾವ ಲಿಫ್ಟೂ ಕೆಡುತ್ತಿಲ್ಲ. ಯಾವ ಲಿಫ್ಟೂ ಯಾಕೆ ಕೆಡುತ್ತಿಲ್ಲವೆಂದರೆ ಅವಕ್ಕೆ ಗ್ರೀಸು ಹಚ್ಚಿದವನು ತಾನು. ಹೆಮ್ಮೆ ಅಂಗಾಲಿನಿಂದ ಶುರುವಾಗಿ ನೆತ್ತಿಗೇರಿತು. ಇಪ್ಪತ್ತೆರಡು ವರ್ಷದಿಂದ ಭುಜದ ಮೇಲೆ ಕೂತಿದ್ದ ಏನೋ ಒಂದು ತಟಕ್ಕನೆ ಎದ್ದು ಹೋದಂತಾಗಿ, ಶಾಲೆಗೆ ಬೇಸಿಗೆ ರಜೆ ಕೊಟ್ಟ ದಿನದಂತೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಾರಿಬದಿಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಹೂವಿನ ಟೊಪ್ಪಿ ಕೊಂಡು ಹಾಕಿಕೊಂಡ. ಅಂಗಡಿಯವಳು ಅದು ಹೆಂಗಸರದು ಎಂದಳು. ಹಾಗಾದರೆ ಇನ್ನೂ ಚೆನ್ನ ಎಂದ.

ಆಮೇಲೆ ಬಾತುಕೋಳಿ ದೋಣಿ. ಪೆಡಲು ತುಳಿದರೆ ಮುಂದೆ ಹೋಗುವ ಬಿಳಿಯ ಬಾತುಕೋಳಿ. ಮುಂದೆ ಗಂಡ ಹೆಂಡತಿ, ಹಿಂದೆ ಕೊಡೆ ಬಿಚ್ಚಿ ಕೂತ ಅತ್ತೆ. ಇವನು ತುಳಿದ ರಭಸಕ್ಕೆ ಹೆಂಡತಿಯ ಪೆಡಲು ಸಾಟಿಯಾಗದೆ ಬಾತುಕೋಳಿ ಇದ್ದಲ್ಲೇ ಗಿರಗಿರ ಸುತ್ತಿತು. ಎಡಕ್ಕೆ ಎಂದರು ಅತ್ತೆ. ಅದು ಎಡಕ್ಕೇ ಸುತ್ತುತ್ತಿತ್ತು. ಬಲಕ್ಕೆ ಎಂದರು. ಆಗಲೂ ಎಡಕ್ಕೇ ಸುತ್ತಿತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ನಕ್ಕು ನಕ್ಕು ಒಂದು ಚಪ್ಪಲಿಯನ್ನು ನೀರಿಗೆ ಬಿಟ್ಟ, ಬಿಟ್ಟದ್ದಕ್ಕೆ ಮತ್ತೆ ನಕ್ಕ. ಹೆಂಡತಿ ಅವನ ಮುಖವನ್ನೇ ನೋಡುತ್ತ ಕೂತಿದ್ದಳು. ಇದ್ದಕ್ಕಿದ್ದಂತೆ ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ದಡಕ್ಕೆ ನಡೀರಿ, ಹೊಟ್ಟೆ ಸರಿ ಇಲ್ಲ ಎಂದಳು.

ಇದೊಂದೇ ಅವನ ಸಂತೋಷದ ನಡುವಿನ ಕಲ್ಲು. ಬಂದಾಗಿನಿಂದ ಅವಳ ಹೊಟ್ಟೆ ಸರಿ ಇರಲಿಲ್ಲ. ತಿಂಡಿಯ ಮಧ್ಯೆ ಎದ್ದು ಓಡುತ್ತಿದ್ದಳು, ಮಾತಿನ ಮಧ್ಯೆ ಓಡುತ್ತಿದ್ದಳು, ಹೋದರೆ ಹದಿನೈದು ನಿಮಿಷ ಬರುತ್ತಿರಲಿಲ್ಲ. ಬಾತ್‌ರೂಮಿನ ಬಾಗಿಲಿಗೆ ಕಿವಿಗೊಟ್ಟರೆ ಸಣ್ಣಗೆ ನರಳಿದಂತೆ ಕೇಳುತ್ತಿತ್ತು. ಪಾಪ, ನೀರು ಬದಲಾದದ್ದು ಆಗಿಬಂದಿಲ್ಲ ಎಂದು ಮರುಗಿ, ಔಷಧಿ ಅಂಗಡಿಯಿಂದ ಉಪ್ಪುಸಕ್ಕರೆಯ ಪುಡಿಯ ಹತ್ತು ಪೊಟ್ಟಣ ತಂದು, ನೀರಿನಲ್ಲಿ ಕದಡಿ, ತಳ ಕಾಣುವವರೆಗೂ ಎದುರು ನಿಂತು ಕುಡಿಸಿದ. ಅವಳು ಮುಖ ಹಿಂಡಿಕೊಂಡು ಕುಡಿಯುತ್ತಿದ್ದಳು. ಅಳಿಯಂದಿರು ಎಷ್ಟು ಜೋಪಾನ ಮಾಡುತ್ತಾರೆ ಎಂದು ಅತ್ತೆ ಹೊಗಳಿದರು.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಸಮುದ್ರಕ್ಕೆ ಹೊರಟಾಗ ಹೆಂಡತಿ ಮತ್ತೆ ಹೊಟ್ಟೆಯ ಮೇಲೆ ಕೈಯಿಟ್ಟಳು. ಅಮ್ಮನ ಮಂಡಿ ನೋಯುತ್ತಿದೆ, ಲಿಫ್ಟಿನಲ್ಲಿ ಕರೆದುಕೊಂಡು ಇಳಿಯಿರಿ, ಐದು ನಿಮಿಷಕ್ಕೆ ಬಂದೆ ಎಂದಳು. ಅವನು ತನ್ನ ಪ್ರತಿಜ್ಞೆಯನ್ನು ನೆನಪಿಸಿದ. ಲಿಫ್ಟಿನಲ್ಲಿ ನಿಲ್ಲುವುದು ಕೆಲಸವಲ್ಲ ಎಂದು ಹೇಳಿ ಅವಳು ಬಾತ್‌ರೂಮಿನ ಬಾಗಿಲು ಹಾಕಿಕೊಂಡಳು.

ಅವನು ಅತ್ತೆಯನ್ನು ಹತ್ತಿಸಿ, ಪಟ್ಟಿಬಾಗಿಲು ಎಳೆದು, ಗುಂಡಿಯೊತ್ತಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಐದು ದಾಟಿತು, ನಾಲ್ಕು ದಾಟಿತು. ಟಕ್. ಲಿಫ್ಟು ನಿಂತಿತು.

"ನಾನೇನೂ ಮುಟ್ಟಿಲ್ಲ," ಎಂದ.

ಮುಟ್ಟಿದಿರಿ ಎಂದು ಯಾರಾದರೂ ಅಂದಿದ್ದರೆ ತಾನೆ. ಈಗ ಏನು ಮಾಡಬೇಕು ಎಂದು ಅತ್ತೆ ಶಾಂತವಾಗಿ ಕೇಳಿದರು. ಏನು ಮಾಡಬೇಕೆಂದು ಅವನು ಇಪ್ಪತ್ತೆರಡು ವರ್ಷದಲ್ಲಿ ಸಾವಿರ ಜನಕ್ಕೆ ಹೇಳಿದ್ದ. ಕೆಂಪು ಗುಂಡಿ ಒತ್ತಬೇಕು. ಅದು ಅವನ ಮೂಗಿನ ನೇರಕ್ಕೇ ಇತ್ತು. ಒತ್ತಿದರೆ ಕರೆ ಹೋಗುವುದು ಡ್ಯೂಟಿಯವನ ಫೋನಿಗೆ, ಡ್ಯೂಟಿಯವನು ಇವನೇ, ಇವನ ಫೋನು ಇರುವುದು ಹೆಂಡತಿಯ ಕೈಚೀಲದಲ್ಲಿ. ಅದು ಬಡಿದುಕೊಂಡ ಮರುಕ್ಷಣ, ಇವನು ಕೆಲಸ ವಹಿಸಿಕೊಟ್ಟಿಲ್ಲವೆಂಬುದು ಬಯಲು. ಅಲ್ಲಿಗೆ ಈ ರಜೆ ಮುಗಿಯಿತು, ಇನ್ನು ಮುಂದಿನ ರಜೆಗಳೂ ಮುಗಿದವು. ಸಾಕಾಗಿದೆ ಎಂದ ಅವಳ ದನಿ ಕಿವಿಯಲ್ಲೇ ಇತ್ತು. ಅವನು ಗೋಡೆ ಬಡಿದ. ಯಾರಾದರೂ ಇದ್ದೀರಾ ಎಂದು, ಯಾರಿಗೂ ಕೇಳಿಸಬಾರದೆನ್ನುವ ಹಾಗೆ ಕೂಗಿದ. ಬೆವರು ಒರೆಸಿಕೊಂಡ. ಹತ್ತು ನಿಮಿಷ ಹೀಗೇ ಕಳೆಯಿತು.

ಅತ್ತೆ ಕಾಲು ಬದಲಿಸಿದರು. ಮತ್ತೆ ಬದಲಿಸಿದರು. ಬೆಳಗಿನ ತಿಂಡಿಯ ಜೊತೆ ಹಣ್ಣಿನ ರಸ ಎಷ್ಟು ಬೇಕಾದರೂ ಕುಡಿಯಬಹುದು ಎಂದು ಬರೆದಿದ್ದುದನ್ನು ನಂಬಿ ಅವರು ಮೂರು ಲೋಟ ಕುಡಿದಿದ್ದರು.

"ಅಳಿಯಂದಿರೇ, ಹೇಳೋಕೆ ನಾಚಿಕೆ," ಎಂದರು. "ಏನು ಮಾಡ್ತೀರೋ ಅದನ್ನ ಬೇಗ ಮಾಡಿ."

ಅವನು ಕಣ್ಣು ಮುಚ್ಚಿ ಗುಂಡಿ ಒತ್ತಿದ. ಎರಡು ಸಲ ರಿಂಗಾಯಿತು. ಗೋಡೆಯ ಸಣ್ಣ ಜಾಲರಿಯಿಂದ ದನಿ ಬಂತು:

"ನಮಸ್ಕಾರ, ಲಿಫ್ಟ್ ತುರ್ತು ಸೇವೆ. ಗಾಬರಿ ಆಗಬೇಡಿ. ಒಳಗೆ ಗಾಳಿ ಚೆನ್ನಾಗಿ ಬರ್ತಾ ಇರುತ್ತೆ. ಬಾಗಿಲು ಎಳೆದಾಡಬೇಡಿ."

ದನಿ ಹೆಂಡತಿಯದು, ಮಾತು ಅವನದು. ಊಟದ ತಟ್ಟೆಯ ಮುಂದೆ ಕೂತು, ಒಂದು ಕೈಯಲ್ಲಿ ತುತ್ತು ಹಿಡಿದು, ಹತ್ತೊಂಬತ್ತು ವರ್ಷ ಅವನು ಫೋನಿಗೆ ಹೇಳುತ್ತ ಬಂದದ್ದು ಇದನ್ನೇ, ಇದೇ ಕ್ರಮದಲ್ಲಿ. ಅತ್ತೆ ಬಾಯಿ ತೆರೆಯುವುದರಲ್ಲಿದ್ದರು. ಅವನು ಬೆರಳೆತ್ತಿ ಸುಮ್ಮನಿರಿಸಿ, ಮೂಗು ಹಿಡಿದುಕೊಂಡು, ಲಿಫ್ಟು ನಿಂತಿದೆ ಎಂದ.

"ಯಾವ ಕಟ್ಟಡ ಸರ್?"

ಒಂದು ಹೋಟೆಲು ಎಂದ. ಎಷ್ಟು ಜನ ಇದ್ದೀರಿ ಎಂದಳು. ಇಬ್ಬರು, ಅದರಲ್ಲಿ ಒಬ್ಬರು ವಯಸ್ಸಾದ ಹೆಂಗಸು ಎಂದ.

"ಯಾರು ವಯಸ್ಸಾದವಳು?" ಎಂದರು ಅತ್ತೆ.

ಆರನೆಯ ಮಹಡಿಯ ಬಾತ್‌ರೂಮಿನಲ್ಲಿ ನಲ್ಲಿ ತೊಟ್ಟಿಕ್ಕುವುದು ಜಾಲರಿಯಿಂದ ಕೇಳಿಸುತ್ತಿತ್ತು. ಒಂದು, ಎರಡು, ಮೂರು ಹನಿ. ಆಮೇಲೆ ದನಿ ಮತ್ತೆ ಬಂತು, ಮೊದಲಿನಷ್ಟೇ ಮರ್ಯಾದೆಯಿಂದ.

"ಅವರ ಜೊತೆಗಿರೋರು ಯಾರು ಸರ್?"

"ಅಳಿಯ," ಎಂದ, ಮೂಗು ಇನ್ನೂ ಬಿಟ್ಟಿರಲಿಲ್ಲ.

"ಅವರಿಗೆ ಏನು ಕೆಲಸ?"

"ಲಿಫ್ಟ್ ಮೆಕ್ಯಾನಿಕ್."

"ಮತ್ತೆ ಅವರೇ ಸರಿ ಮಾಡಬಹುದಲ್ಲ?"

ಅವನು ಮೂಗು ಬಿಟ್ಟ.

"ಅವರು ರಜೆಯಲ್ಲಿದ್ದಾರೆ," ಎಂದ.

ಜಾಲರಿಯಿಂದ ಉಸಿರು ಕಟ್ಟಿದಂಥ ಸದ್ದು ಬಂತು. ಅಳುತ್ತಿದ್ದಾಳೆ ಎಂದುಕೊಂಡ. ಅಳುವಲ್ಲ, ಟವಲನ್ನು ಬಾಯಿಗೆ ತುರುಕಿ ತಡೆಹಿಡಿದ ನಗು. ಅದು ತಡೆಯದೆ ಒಡೆದುಕೊಂಡಾಗ ಇಡೀ ಲಿಫ್ಟು ತುಂಬಿತು. ಅತ್ತೆಗೂ ನಗು ಹತ್ತಿತು. ಕಾಲಿಗೆ ಕಾಲು ಹೆಣೆದುಕೊಂಡು, ನಗಿಸಬೇಡಿ, ನಿಮ್ಮ ದಮ್ಮಯ್ಯ, ಈಗ ಮಾತ್ರ ನಗಿಸಬೇಡಿ ಎಂದು ಕೈಮುಗಿದರು. ಅವನು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ.

ನಗು ಇಳಿದ ಮೇಲೆ ಅವಳು, ಒಳಗಿನ ಬಾಗಿಲಿಗೆ ಏನಾದರೂ ಸಿಕ್ಕಿಕೊಂಡಿದೆಯೇ ನೋಡಿ ಎಂದಳು. ಹಾಗೇನಾದರೂ ಇದ್ದಿದ್ದರೆ ತನ್ನ ಕಣ್ಣಿಗೆ ಬೀಳುತ್ತಿರಲಿಲ್ಲವೇ ಎಂದು ಹೇಳಲು ಬಾಯಿ ತೆರೆದವನು, ತಿರುಗಿ ನೋಡಿ ಬಾಯಿ ಮುಚ್ಚಿದ. ಅತ್ತೆಯ ಕೊಡೆಯ ಮೊನೆ ಎರಡು ಪಟ್ಟಿಗಳ ನಡುವೆ ಹೊಕ್ಕು ಕೂತಿತ್ತು. ಬಾಗಿಲು ಒಂದು ಬೆರಳಿನಷ್ಟು ಬಿರಿದಿತ್ತು. ಬಾಗಿಲು ಬಿರಿದರೆ ಲಿಫ್ಟು ನಿಲ್ಲುತ್ತದೆ ಎಂಬುದು ಈ ಕೆಲಸದ ಮೊದಲ ಪಾಠ. ಸುಳ್ಳು ಬಯಲಾಗುವ ಚಿಂತೆಯಲ್ಲಿ ಅವನು ಹತ್ತು ನಿಮಿಷ ಅದರ ಪಕ್ಕದಲ್ಲೇ ನಿಂತು ಬೆವರಿದ್ದ.

"ಕೊಡೆ ತೆಗೆದು ಬಾಗಿಲು ಪೂರ್ತಿ ಎಳೀರಿ," ಎಂದಳು ಅವಳು, ವಿಷಯ ಕೇಳಿ. "ಆರನೇ ಮಹಡಿ ಒತ್ತಿ. ಅಮ್ಮನಿಗೆ ಬಾತ್‌ರೂಮ್ ಖಾಲಿ ಮಾಡ್ತೀನಿ."

ಆರನೆಯ ಮಹಡಿಯಲ್ಲಿ ಬಾಗಿಲು ತೆರೆದಾಗ ಅತ್ತೆ ಮಂಡಿನೋವನ್ನು ಲಿಫ್ಟಿನಲ್ಲೇ ಬಿಟ್ಟು ಗಾಳಿಯಂತೆ ಹೋದರು. ಗಂಡ ಹೆಂಡತಿ ಓಣಿಯಲ್ಲಿ ಎದುರುಬದುರು ಉಳಿದರು. ಅವಳ ಕೈಯಲ್ಲಿ ಅವನ ಫೋನು, ಕಿವಿಯ ಹಿಂದೆ ಪೆನ್ಸಿಲು, ಕಂಕುಳಲ್ಲಿ ಹೋಟೆಲಿನ ಬರೆಯುವ ಹಾಳೆಗಳು.

ಮೊದಲ ಕರೆ ಬಸ್ಸಿನಲ್ಲೇ ಬಂದಿತ್ತಂತೆ. ರಿಂಗು ಅಡಗಿಸಿ ಇಟ್ಟಿದ್ದ ಫೋನು ತೊಡೆಯ ಮೇಲಿನ ಕೈಚೀಲದಲ್ಲಿ ಗುಡುಗುಟ್ಟಿದಾಗಲೇ ಅವಳಿಗೆ ಎಲ್ಲ ತಿಳಿಯಿತು. ಬಸ್ಸು ಚಹಾಕ್ಕೆ ನಿಂತಾಗ ಫೋನನ್ನು ಮೋರಿಗೆ ಎಸೆಯಲೆಂದೇ ಇಳಿದಿದ್ದಳು. ಅಷ್ಟರಲ್ಲಿ ಅದು ಮತ್ತೆ ಬಡಿದುಕೊಂಡಿತು. ಎತ್ತಿದರೆ ಆ ಕಡೆ ಒಬ್ಬ ಹೆಂಗಸು ಅಳುತ್ತಿದ್ದಳು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬರುವಾಗ ಲಿಫ್ಟಿನಲ್ಲಿ ಒಬ್ಬಳೇ ಸಿಕ್ಕಿಕೊಂಡವಳು. ಅವಳೇನು ಪಾಪ ಮಾಡಿದ್ದಳು? ಗಂಡನ ಬಾಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದುದನ್ನೇ ಹೇಳಿದಳು, ಲಿಫ್ಟು ಹೊರಟೇಬಿಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ಹದಿನಾಲ್ಕು ಕರೆ. ಬಾಯಿಮಾತಿಗೆ ಬಗ್ಗದವನ್ನು ನಿಧಾನಪ್ಪನಿಗೆ ಫೋನಿನಲ್ಲಿ ತಿಳಿಸಿದ್ದಳು.

ಹೊಟ್ಟೆ ಎಂದು ಅವನು ಕೇಳಿದ. ಹೊಟ್ಟೆಗೆ ಏನೂ ಆಗಿರಲಿಲ್ಲ, ಆ ಪುಡಿ ಕುಡಿದೂ ಕುಡಿದೂ ಈಗ ಆಗಿದೆ ಎಂದಳು.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಓಡ್ತಿದ್ರಿ." ಅವಳು ಪೆನ್ಸಿಲನ್ನು ಕಿವಿಯಿಂದ ತೆಗೆದು ನೋಡಿದಳು. "ನಿನ್ನೆ ದೋಣಿಯಲ್ಲಿ ನಕ್ಕಿರಲ್ಲ, ಹಾಗೆ ನಕ್ಕಿದ್ದು ನಾನು ನೋಡಿ ಎಷ್ಟು ವರ್ಷ ಆಗಿತ್ತು ಗೊತ್ತಾ? ಐದು ದಿನ ಅದು ಇರ್ಲಿ ಅನ್ನಿಸ್ತು, ಅಷ್ಟೇ."

ಅವನಿಗೆ ನಾಚಿಕೆಯಾಯಿತು. ತಾನು ಟೊಪ್ಪಿ ಹಾಕಿಕೊಂಡು ಕುಣಿಯುತ್ತಿದ್ದಾಗ ಅವಳು ಒದ್ದೆ ನೆಲದ ಬಾತ್‌ರೂಮಿನಲ್ಲಿ ಬಕೆಟ್ಟು ಬೋರಲು ಹಾಕಿ ಕೂತು ಯಾರ ಯಾರಿಗೋ ಧೈರ್ಯ ಹೇಳುತ್ತಿದ್ದಳು. ರಜೆ ಅವನಿಗೆ ಸಿಕ್ಕಿತ್ತು, ಡ್ಯೂಟಿ ಅವಳಿಗೆ ಬಿದ್ದಿತ್ತು.

"ತಪ್ಪಾಯ್ತು ಕಣೇ," ಎಂದ. "ನಿನ್ನ ರಜೆಯನ್ನೂ ನಾನೇ ತಿಂದೆ."

ಆಮೇಲೆ, ತಡೆದುಕೊಳ್ಳಲಾರದೆ, ನಿಧಾನಪ್ಪನ ಕೈಲಾಗದ್ದು ಎಷ್ಟು ಎಂದು ಕೇಳಿದ. ಅವಳು ಹಾಳೆ ತಿರುವಿ ನೋಡಿ, ಒಂದೂ ಇಲ್ಲ, ತಡ ಮಾಡುತ್ತಾರೆ, ಆದರೆ ಅವರು ಮುಟ್ಟಿದ ಲಿಫ್ಟಿನಿಂದ ಇನ್ನೊಂದು ಸಲ ಫೋನು ಬಂದಿಲ್ಲ ಎಂದಳು. ಅದು ಅವನಿಗೆ ಚುಚ್ಚಿತು. ಚುಚ್ಚಿದ್ದನ್ನು ನುಂಗಿಕೊಂಡು ಫೋನು ಇಸಿದುಕೊಂಡು ನಾಲ್ಕು ಅಂಕಿ ಒತ್ತಿದ. ಟುಂಯ್ ಎಂದಿತು. ಇಷ್ಟು ವರ್ಷ ಒತ್ತಲಾಗದೆ ಇದ್ದದ್ದು ಇಷ್ಟೇನೇ ಎಂದು ಅವನಿಗೇ ಆಶ್ಚರ್ಯವಾಯಿತು. ಇಬ್ಬರೂ ಸೇರಿ ಫೋನನ್ನು ಕಪಾಟಿನಲ್ಲಿ ಹೆಚ್ಚುವರಿ ಕಂಬಳಿಗಳ ಅಡಿಗೆ ತಳ್ಳಿದರು. ಆ ಮಧ್ಯಾಹ್ನ ಬಾತುಕೋಳಿ ದೋಣಿಯಲ್ಲಿ ಹೂವಿನ ಟೊಪ್ಪಿ ಹೆಂಡತಿಯ ತಲೆಯ ಮೇಲಿತ್ತು. ಅವಳು ತುಳಿದ ಜೋರಿಗೆ ಬಾತುಕೋಳಿ ಬಲಕ್ಕೆ ಸುತ್ತಿತು.

ಮರುದಿನ ತಾಯಿ ಮಗಳು ಮೊದಲೇ ಕೆಳಗಿಳಿದಿದ್ದರು. ಅವನು ಹಿಂದಿನಿಂದ ಒಬ್ಬನೇ ಲಿಫ್ಟು ಹತ್ತಿದ. ಲಿಫ್ಟು ಸೊಗಸಾಗಿ ಇಳಿಯುತ್ತಿತ್ತು. ಕೆಂಪು ಗುಂಡಿ ಮೂಗಿನ ನೇರಕ್ಕೇ ಇತ್ತು. ಕರೆ ಸರಿಯಾಗಿ ತಿರುಗಿದೆಯೋ ಇಲ್ಲವೋ ನೋಡಬೇಡವೇ, ಅದು ಸುರಕ್ಷತೆಯ ಪ್ರಶ್ನೆ, ಎಂದು ತನಗೆ ತಾನೇ ಹೇಳಿಕೊಂಡು ಒತ್ತಿಯೇಬಿಟ್ಟ. ನಾಲ್ಕು ಸಲ ರಿಂಗಾಯಿತು, ಐದು ಸಲ, ಆರು ಸಲ.

"ಹೇಳಿ ಅಣ್ಣ," ಎಂದ ನಿಧಾನಪ್ಪ.

ನಾನೇ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದ. ಲಿಫ್ಟು ಓಡುತ್ತಿರುವ ಸದ್ದು ಕೇಳಿಸುತ್ತಿದೆ, ಓಡುತ್ತಿರುವ ಲಿಫ್ಟಿನಲ್ಲಿ ಗುಂಡಿ ಒತ್ತುವವರು ಇನ್ಯಾರಿದ್ದಾರೆ ಎಂದ ನಿಧಾನಪ್ಪ, ಒಂದೊಂದು ಪದವನ್ನೂ ಒರೆಸಿ ಜೋಡಿಸಿದಂತೆ.

"ಅಲ್ಲಿ ಎಲ್ಲಾ ಸರಿ ಇದೆಯಾ?"

"ಇದೆ ಅಣ್ಣ."

"ನಾನು ಬರಬೇಕಾಗಿಲ್ವಾ?"

"ಬೇಡ ಅಣ್ಣ."

ಆ ಮಾತು ಎದೆಯಲ್ಲಿ ಎರಡು ಮಹಡಿಯಷ್ಟು ದೂರ ನೋಯಿತು. ಮೂರನೆಯ ಮಹಡಿ ದಾಟುವಾಗ, ಟಕ್ ಎಂಬ ಸದ್ದಿನ ಜೊತೆಗೆ, ಹಗುರಾಯಿತು. ಕೆಳಗೆ ಬಾಗಿಲು ತೆರೆದರೆ ಎದುರಿಗೇ ಹೆಂಡತಿ, ಸೊಂಟದ ಮೇಲೆ ಕೈ, ತಲೆಯ ಮೇಲೆ ಹೂವಿನ ಟೊಪ್ಪಿ. ಒಳಗೆ ಯಾರ ಹತ್ತಿರ ಮಾತಾಡುತ್ತಿದ್ದಿರಿ ಎಂದು ಕೇಳಿದಳು. ನಾಲ್ಕು ಸುಳ್ಳುಗಳು ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು. ಅವನು ನಾಲ್ಕನ್ನೂ ವಾಪಸು ಕಳಿಸಿದ.

"ಡ್ಯೂಟಿಯವನ ಹತ್ರ," ಎಂದ. "ಅಲ್ಲಿ ನಾನು ಬೇಡವಂತೆ."

ಅವಳು ಅವನ ತೋಳಿನೊಳಗೆ ತೋಳು ತೂರಿಸಿದಳು.

"ಇಲ್ಲಿ ಬೇಕು," ಎಂದಳು. "ನಡೀರಿ, ಅಮ್ಮ ಆಗಲೇ ಬಾತುಕೋಳಿ ಹತ್ತಿ ಕೂತಿದ್ದಾಳೆ."